ಸಾಹುಕಾರರ ಮೋಟಾರಿನ ಹಳೇ ಕುಂದುಗಳು

“ಒಳಗ ಕಾಲಿಟ್ರ ಕಾಲು ಕಡೀತೀನಿ, ಬೋಳೀಮಗನ. ಸೀಟಿನ ಮ್ಯಾಲೆ ಕುಂಡಿ ಊರಿದ್ರ ಕುಂಡೀನೂ,” ಎಂದರು ಸಾಹುಕಾರ ಚಂದ್ರಶೇಖರಪ್ಪ.

ಮಾದರ ಓಣಿಯ ದುರಗಪ್ಪನಾದ ನಾನು ತಲೆಯಾಡಿಸಿದೆ. ರೋಣದಿಂದ ನರಗುಂದದವರೆಗೆ ಮೋಟಾರಿಗೆ ರೇಡಿಯೋ ಕೂಡಿಸಬಲ್ಲ ಗಂಡಸು ನಾನೊಬ್ಬನೇ. ನಾನು ತಂತಿ ಮುಟ್ಟಿದರೆ ಧಾರವಾಡದ ಆಕಾಶವಾಣಿಯವರು ಅಲ್ಲಿ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಂಥವನ ಕುಂಡಿಗೆ ಸೀಟಿಲ್ಲ.

ಗಜೇಂದ್ರಗಡದ ಬೀಗರ ಮನೆ ಮುಂದೆ ಹಾಡುವ ಮೋಟಾರಿನಿಂದ ಇಳಿಯಬೇಕೆಂಬುದು ಸಾಹುಕಾರರ ಹಟ. ಅದಕ್ಕೇ ರೇಡಿಯೋ ಹೊತ್ತು, ನಾನು ದುಡಿಯುವ ಜಂಗ್ಲಿಸಾಬರ ಗ್ಯಾರೇಜಿಗೆ ಬಂದಿದ್ದರು.

ನಮ್ಮಲ್ಲೊಂದು ಪದ್ಧತಿ. ಸ್ಕ್ರೂ ಬಿಚ್ಚುವ ಮೊದಲು ಮೋಟಾರಿನ ಹಳೇ ಕುಂದುಗಳನ್ನೆಲ್ಲ ಕೂಗಿ ಹೇಳಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಬೇಕು. ಮಾಲಕರು ನಾಲ್ಕು ಮಂದಿ ಕೇಳುವಂತೆ “ಹೌದು” ಎನ್ನಬೇಕು. ಜಂಗ್ಲಿಸಾಬರಿಗೆ ಓದು ಬರಹ ಬಾರದು, ಕಿವಿ ಮಾತ್ರ ಆನೆಯವು. ಹೋದ ವರ್ಷ ಇದೇ ಮೋಟಾರಿಗೆ ಹಾರ್ನು ಕೂಡಿಸುವಾಗ ನಮ್ಮ ಗ್ಯಾರೇಜಿನ ಹೊಳಿಯಪ್ಪ ಅವಸರದಲ್ಲಿ ಕೂಗುವುದನ್ನು ಮರೆತ. ಮೊದಲೇ ಒಡೆದಿದ್ದ ದೀಪದ ಗಾಜಿನ ತಪ್ಪು ಅವನ ತಲೆಗೆ ಬಂತು. ಅಂದಿನಿಂದ ಆ ದಂಡ ತೀರಿಸಲು ಇದೇ ಸಾಹುಕಾರರ ಹೊಳೆಮಣ್ಣೂರಿನ ಹೊಲದಲ್ಲಿ ಬಿಟ್ಟಿ ದುಡಿಯುತ್ತಿದ್ದ. ಪಕ್ಕದ ಅರಳೆ ಅಂಗಳ ಗುಡಿಸುತ್ತಿದ್ದ ಅವನ ಹೆಂಡತಿ ಉಡಚವ್ವ, ಆ ಮೋಟಾರನ್ನು ಕಂಡು ಕಸಬರಿಗೆ ಹಿಡಿದೇ ಬಂದು ನಿಂತಳು.

“ಸಾವಕಾರ್ರ,” ಎಂದೆ ನಾನು, “ಸ್ಟೇರಿಂಗ್ ಮುಂದಿನ ಹಲಗಿ ಕೆಳಗಿನ ತಂತಿ ನೋಡ್ಬೇಕ್ರಿ. ನಾನಂತೂ ಒಳಗ ಬರಂಗಿಲ್ಲ.”

“ಜಂಗ್ಲಿ, ನೀ ನೋಡೋ.”

ಜಂಗ್ಲಿಸಾಬರು ಹೊಟ್ಟೆ ಸವರಿಕೊಂಡರು. ಗದಗಿನ ಬಸ್ಸು ಸುತ್ತು ಹಾಕಿ ಹೋಗುವಂಥ ಹೊಟ್ಟೆ. “ಇದು ಒಳಗ ಹೋದ್ರ ಮೋಟಾರ ಒಡದು ತಗೀಬೇಕಾಕೈತ್ರಿ.”

ಬೀಗರು ಕಾಯುತ್ತಿದ್ದರು. ಸಾಹುಕಾರರು ರುಮಾಲು ತೆಗೆದಿಟ್ಟು ಒಳಹೊಕ್ಕರು.

“ತಲಿ ಕೆಳಗ್ರಿ. ಕಾಲು ಮ್ಯಾಲ್ರಿ. ಇನ್ನಷ್ಟು.”

ತಲೆ ಬ್ರೇಕಿನ ಬುಡಕ್ಕೆ ಹೋಯಿತು, ಪಾದಗಳು ಕಿಟಕಿಯ ಹೊರಗೆ ಬಂದವು, ಧೋತರ ತನ್ನ ಕೆಲಸ ಮರೆಯಿತು. ಸಂತೆಯ ಮಂದಿ ಜೋಳದ ಚೀಲ ಇಳಿಸಿ ನೆರೆದರು. ಒಂಬತ್ತು ಸಾವಿರ ಮಂದಿ. ಮೂವತ್ತೇ ಇದ್ದರೆಂದು ಜಂಗ್ಲಿಸಾಬರು ಹೇಳುತ್ತಾರೆ, ಅವರಿಗೆ ಎಣಿಕೆಯೂ ಬಾರದು.

“ಕೆಂಪು ತಂತಿ ಸುಟ್ಟೈತೇನ್ರಿ?”

“ಸುಟ್ಟೈತಿ.”

“ಹೌದು ಅನ್ರಿ. ಪದ್ಧತಿ.”

“ಹೌದು.”

ನಾನು ಸುಣ್ಣದ ಕಡ್ಡಿ ಹಿಡಿದು ಸುತ್ತತೊಡಗಿದೆ. “ಹಿಂದಿನ ಗಾಲಿ ಮ್ಯಾಲಿನ ತಗಡು ತಗ್ಗಾಗೈತಿ. ರಾಜೂರ ಎಮ್ಮಿ ಹಾದದ್ದು. ಹೌದೇನ್ರಿ?”

“ಹೌದು.”

“ಬಾಗಿಲಿಗೆ ಗೀರು, ಹದಿನಾರು.”

“ಹೌದೋ. ಕುತ್ತಿಗಿ ಸಿಕ್ಕೈತಿ.”

ಹೊರಗೆ ಚಾಚಿದ್ದ ಹೆಬ್ಬೆರಳಿಗೂ ಒಂದು ಗೆರೆ ಎಳೆದೆ. ಅದೂ ಹಳೇ ಮಾಲೇ.

“ಬಲಗಡೆ ದೀಪದ ಗಾಜು, ಹೊಳಿಯಪ್ಪ ಕೈ ಹಚ್ಚೂಕಿಂತ ಮೊದಲ ಒಡದಿತ್ತು. ಹೌದೇನ್ರಿ?”

ಕಿಟಕಿಯ ಹೊರಗಿನ ಪಾದಗಳು ಎರಡು ಸಲ ಒದ್ದಾಡಿದವು.

“ಸಾವಕಾರ್ರ, ಹೌದು ಅನ್ನದ ಮುಂದಿನ ಕೆಲಸ ಇಲ್ರಿ. ಹಿಡದು ಎಳೀಬೇಕಂದ್ರ ನಾ ಮುಟ್ಟೂ ಹಂಗೂ ಇಲ್ಲ.”

“ಹೌದೋ ಸೂಳಿಮಗನ, ಹೌದು. ನಾನ ಗ್ವಾಡಿಗೆ ಹಾಯಿಸಿದ್ದೆ. ಯಾರರೆ ಎಳೀರೋ.”

ಉಡಚವ್ವ ಕಸಬರಿಗೆಯನ್ನು ಮೋಟಾರಿನ ಮೂತಿಗೆ ಒರಗಿಸಿದಳು. “ಎಲ್ಲಾರೂ ಕೇಳಿದ್ರಲ್ರಿ? ನನ್ನ ಗಂಡನ್ನ ಕರಕೊಂಡು ಬರ್ತೀನಿ.” ಸೆರಗು ಸಿಕ್ಕಿಸಿಕೊಂಡು ಹೊಳೆಮಣ್ಣೂರಿನ ದಾರಿ ಹಿಡಿದಳು.

ಜಂಗ್ಲಿಸಾಬರು ಸಾಹುಕಾರರನ್ನು ಹೊರಗೆಳೆದರು. ಮುಖ ಬದನೆಕಾಯಿಯಾಗಿತ್ತು. “ರೇಡಿಯೋ ಹಾಳಾಗ್ಲಿ. ಮೋಟಾರ ಚಾಲೂ ಮಾಡು. ಆಕಿಗಿಂತ ಮೊದಲ ನಾ ಹೊಲ ಮುಟ್ಟಬೇಕು.”

ನಾನು ಮೋಟಾರಿನ ಮುಂದಿನ ಮುಚ್ಚಳ ಎತ್ತಿದೆ. ತಂತಿ ಬಿಚ್ಚಿ ಬ್ಯಾಟರಿ ಹೊರತೆಗೆದು, ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಅಂಗಳದ ನಡುವೆ ಕುಳಿತೆ.

“ಪರೀಕ್ಷಾ ಮುಗದಿಲ್ರಿ. ಇದರ ಆಸಿಡ್ ನೋಡ್ಬೇಕು. ಸಂಜೀತನಕ ಹಿಡೀತೈತಿ.”

ಸಾಹುಕಾರರು ಕಾಲಿನ ಜೋಡು ಕೈಗೆ ತೆಗೆದುಕೊಂಡರು. ಮೊದಲ ಏಟು ಹೆಗಲಿಗೆ ಬಿತ್ತು. ನಾನು ಅವಸರವಿಲ್ಲದೆ ಬ್ಯಾಟರಿಯ ಮೊದಲ ಬಿರಡೆ ತಿರುವಿದೆ.