ಪೆನ್ನು ಎತ್ತದ ಗಂಟೆ

ಬರೆಯುವುದು ಹೇಗೆ ಎಂದು ವಾರಕ್ಕೊಮ್ಮೆ ಇಮೇಲಿನಲ್ಲಿ ಪತ್ರ ಕಳಿಸುವುದು ನನ್ನ ಕೆಲಸ. ಪತ್ರ ಎಲ್ಲರಿಗೂ ಪುಕ್ಕಟೆ. ಚಂದಾ ಕಟ್ಟಿದವರಿಗೆ ಮಾತ್ರ ಒಂದು ಹೆಚ್ಚಿನ ಸೌಲಭ್ಯವಿತ್ತು: ತಾವು ಬರೆದದ್ದರಲ್ಲಿ ತಿಂಗಳಿಗೊಂದು ಪುಟ ಕಳಿಸಿದರೆ ತಿದ್ದಿಕೊಡುತ್ತಿದ್ದೆ. ಚಂದಾದಾರರು ಬೆರಳೆಣಿಕೆಯಷ್ಟಿದ್ದಾಗ ಕೊಟ್ಟ ಮಾತು ಅದು. ಈಗ ಅವರ ಪುಟಗಳು ನನ್ನ ಬೆಳಗನ್ನೂ ಮಧ್ಯಾಹ್ನವನ್ನೂ ತಿಂದು ಮುಗಿಸುತ್ತಿದ್ದವು. ನನ್ನ ಕಾದಂಬರಿಯ ಹೆಂಗಸು ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತು ವರ್ಷಗಳೇ ಆಗಿದ್ದವು. ಅವಳು ಮನೆ ಬಿಟ್ಟು ಹೊರಡುತ್ತಾಳೆಂದು ನನಗೆ ಗೊತ್ತಿತ್ತು. ಹೊರಡಿಸಲು ದಿನಕ್ಕೆ ಒಂದು ಗಂಟೆ ಬೇಕಿತ್ತು, ಅಷ್ಟೆ.

ಪುಟ ತಿದ್ದುವುದನ್ನು ನಿಲ್ಲಿಸುತ್ತೇನೆ ಎಂದು ಗಂಡನಿಗೆ ಹೇಳಿದೆ. ಅವರ ಫೋಟೋ ಸ್ಟುಡಿಯೋ ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದುದು ಈ ಪತ್ರದಿಂದಲೇ. ಚಂದಾದಾರರ ವ್ಯವಹಾರವನ್ನು ಅವರೇ ನೋಡಿಕೊಳ್ಳುತ್ತಿದ್ದರು. ಅವರು ಸಿಟ್ಟಾಗಲಿಲ್ಲ. ಅವರು ಸಿಟ್ಟಾಗುವುದೇ ಇಲ್ಲ, ಹಾಗಾಗಿ ಅವರ ಜೊತೆ ಜಗಳವಾಡಲು ಹಿಡಿಯುವುದಕ್ಕೇ ಏನೂ ಸಿಗುವುದಿಲ್ಲ.

“ತೆಗಿ, ಬೇಡ ಅನ್ನಲ್ಲ. ಆದ್ರೆ ಅವರ ಕೈಯಿಂದ ಒಂದು ಕಿತ್ಕೊಂಡ್ರೆ ಇನ್ನೊಂದು ಇಡಬೇಕಲ್ವಾ?” ಎಂದರು.

ಆಗ ನನಗೆ ಹೊಳೆದದ್ದು ಮೌನದ ಗಂಟೆ. ದಿನಾ ಬೆಳಗ್ಗೆ ಚಂದಾದಾರರೆಲ್ಲ ಕ್ಯಾಮೆರಾ ಹಾಕಿಕೊಂಡು ತಂತಮ್ಮ ಮನೆಯಲ್ಲಿ ಕೂತು ಬರೆಯುವುದು, ನಾನೂ ಅವರೊಂದಿಗೆ ಬರೆಯುವುದು. ಯಾರೂ ಮಾತಾಡುವಂತಿಲ್ಲ, ಯಾರೂ ಹಾಳೆಯಿಂದ ಪೆನ್ನು ಎತ್ತುವಂತಿಲ್ಲ. ಅದು ದುಡಿಮೆಯ ಗಂಟೆಯಾದ್ದರಿಂದ ಮನೆಯಲ್ಲಿಯೂ ಯಾರೂ ನನ್ನನ್ನು ಕರೆಯುವಂತಿಲ್ಲ. ಪ್ರಕಟಣೆಯಲ್ಲಿ ಮೊದಲು ‘ಪುಟ ತಿದ್ದುವುದನ್ನು ನಿಲ್ಲಿಸುತ್ತಿದ್ದೇನೆ’ ಎಂದು ಬರೆದೆ. ಆಮೇಲೆ ‘ಬದಲಾಯಿಸುತ್ತಿದ್ದೇನೆ’ ಎಂದು ತಿದ್ದಿದೆ. ಕಳಿಸುವ ಮೊದಲು ಅದರ ಹಿಂದೆ ‘ನಿಮಗಾಗಿ’ ಎಂದು ಸೇರಿಸಿದೆ.

ವಿಷಯ ತಿಳಿದು ಅತ್ತೆ ಟೀವಿಯ ಸದ್ದು ಇಳಿಸಿದರು. “ಸುಮ್ನೆ ಕೂರೋದಕ್ಕೂ ದುಡ್ಡು ಕೊಡ್ತಾರೇನೇ? ಹಾಗಿದ್ರೆ ನಿಮ್ಮ ಮಾವ ಕೋಟ್ಯಧಿಪತಿ ಆಗ್ಬೇಕಿತ್ತು ಬಿಡು.”

ಮೊದಲ ದಿನ ಪರದೆಯ ತುಂಬ ಸಣ್ಣ ಸಣ್ಣ ಚೌಕಗಳಲ್ಲಿ ಬಗ್ಗಿದ ತಲೆಗಳು. ಹೊಲಿಗೆ ಮಿಷನ್ನಿನ ಮೇಲೆಯೇ ಪುಸ್ತಕವಿಟ್ಟುಕೊಂಡ ಟೈಲರಮ್ಮ, ನಿವೃತ್ತ ವಕೀಲರು, ಇನ್ನೂ ಯಾರು ಯಾರೋ. ನಾನು ಹೊಸ ಹಾಳೆ ತೆಗೆದು ಚಿಲಕದ ಮುಂದೆ ನಿಂತೆ. ಒಂದು ಪದವೂ ಬರಲಿಲ್ಲ. ಬರದಿದ್ದರೆ ಪೆನ್ನು ಎತ್ತಿ ಕಿಟಕಿ ನೋಡುವುದು ನನ್ನ ರೂಢಿ. ಆದರೆ ಪೆನ್ನು ಎತ್ತಬಾರದೆಂಬ ನಿಯಮ ನನ್ನದೇ. ಹಾಗಾಗಿ ಮನೆಗೆ ತರಬೇಕಾದ ಸಾಮಾನು ಬರೆದೆ, ಅಡುಗೆಮನೆಯಲ್ಲಿದ್ದ ಪಾತ್ರೆಗಳ ಹೆಸರು ಬರೆದೆ. ಗಂಟೆ ಮುಗಿದ ಕೂಡಲೇ ಟೈಲರಮ್ಮ ಸಂದೇಶ ಕಳಿಸಿದರು. ಮೇಡಂ ಪೆನ್ನು ನಿಲ್ಲದೆ ಓಡುವುದನ್ನು ನೋಡಿಯೇ ತನಗೆ ಧೈರ್ಯ ಬಂತಂತೆ.

ವಾರ ಕಳೆಯುವಷ್ಟರಲ್ಲಿ ಹೊಸಬರು ಸೇರತೊಡಗಿದರು. ಗಂಡನಿಗೆ ಹುರುಪು ಬಂದಿತ್ತು. ಚಂದಾದಾರರದ್ದು ಒಂದೇ ಬೇಡಿಕೆ ಎಂದು ಹೇಳಿದರು: ಅವರಿಗೆ ನನ್ನ ಮುಖ ಬೇಕಿಲ್ಲ, ಪುಟ ಬೇಕು. ಬರಹಗಾರ್ತಿ ಬರೆಯುವುದನ್ನು, ಹೊಡೆದು ಹಾಕುವುದನ್ನು ಕಣ್ಣಾರೆ ನೋಡಬೇಕು.

“ಪುಟ ತೋರಿಸೋಕಾಗಲ್ಲ, ರೀ,” ಎಂದೆ.

“ಯಾಕೆ? ದಿನಾ ಬರೀತಾ ಇದ್ದೀಯಲ್ಲ?”

ಅವರು ಅಟ್ಟದಿಂದ ಸ್ಟುಡಿಯೋದ ದೀಪದ ಕಂಬವನ್ನು ಇಳಿಸಿ, ಧೂಳು ಒರೆಸಿ, ಅದರ ತುದಿಗೆ ಫೋನನ್ನು ಬಿಗಿದು ನನ್ನ ಮೇಜಿನ ಮೇಲೆ ಬಾಗಿಸಿದರು. ಎಷ್ಟೋ ದಿನಗಳ ಮೇಲೆ ಅವರು ಶಿಳ್ಳೆ ಹಾಕುತ್ತ ಕೆಲಸ ಮಾಡುವುದನ್ನು ಕಂಡೆ. ಬೇಡ ಎನ್ನುವ ಬದಲು ಮೇಜಿನ ಮೇಲಿದ್ದುದನ್ನು ಸರಿಸಿ ಜಾಗ ಮಾಡಿಕೊಟ್ಟೆ.

ಮರುದಿನದಿಂದ ನನ್ನ ಕಾದಂಬರಿಯನ್ನೇ ಮೊದಲ ಪುಟದಿಂದ ನಕಲು ಮಾಡತೊಡಗಿದೆ. ಹಳೆಯ ಹಾಳೆಗಳನ್ನು ತೊಡೆಯ ಮೇಲೆ, ಕ್ಯಾಮೆರಾಕ್ಕೆ ಕಾಣದಂತೆ ಇಟ್ಟುಕೊಳ್ಳುತ್ತಿದ್ದೆ. ಯಾವ ಪದ ಹೊಡೆದು ಹಾಕಬೇಕೆಂದು ಮೊದಲೇ ಆರಿಸಿರುತ್ತಿದ್ದೆ. ‘ಕತ್ತಲೆ’ ಎಂದು ಬರೆದು, ಪೆನ್ನು ಎತ್ತದೆ ತುಸು ಹೊತ್ತು ತಡೆದು, ಹೊಡೆದು ‘ನೆರಳು’ ಎಂದು ಬರೆಯುವುದು. ವಕೀಲರಿಗೆ ಆ ‘ನೆರಳು’ ಬಹಳ ಹಿಡಿಸಿತು. ತೀರ್ಪು ಬರೆಯುವ ನ್ಯಾಯಾಧೀಶರಿಗೂ ಇಷ್ಟು ಎಚ್ಚರವಿಲ್ಲ ಎಂದು ಬರೆದಿದ್ದರು. ಅದನ್ನು ಓದಿ, ಮರುದಿನ ಹೊಡೆಯಬೇಕಾದ ಪದವನ್ನು ಆರಿಸಿಟ್ಟೆ.

ತೊಡೆಯ ಮೇಲಿನ ಕಟ್ಟು ದಿನದಿಂದ ದಿನಕ್ಕೆ ತೆಳ್ಳಗಾಗುತ್ತಿತ್ತು. ಅಕ್ಷರ ದೊಡ್ಡದು ಮಾಡಿದೆ. ಸಾಲುಗಳ ನಡುವೆ ಜಾಗ ಬಿಟ್ಟೆ. ಈ ನಡುವೆ ಗಂಡ ಸಂಜೆಗೂ ಇನ್ನೊಂದು ಗಂಟೆ ಇಟ್ಟರೆ ಹೇಗೆ ಎಂದು ಕೇಳಿದರು. ಬೆಳಗ್ಗೆ ಕೂರುವವಳಿಗೆ ಸಂಜೆ ಕೂರಲು ಏನು ಕಷ್ಟ? ಅತ್ತೆ ಮಾತ್ರ ನನ್ನನ್ನೇ ನೋಡಿ, “ಅವಳು ಸೊರಗಿದಾಳೆ ಕಣೋ. ಸುಮ್ನೆ ಕೂತು ಯಾರಾದ್ರೂ ಸೊರಗ್ತಾರಾ?” ಎಂದರು.

ಕಡೆಗೆ ಆ ಬೆಳಗು ಬಂತು. ಹಳೆಯ ಹಾಳೆಗಳಲ್ಲಿ ಉಳಿದಿದ್ದುದು ಒಂದೇ ವಾಕ್ಯ: ‘ಅವಳು ಚಿಲಕದ ಮೇಲೆ ಕೈಯಿಟ್ಟಳು.’ ಬರೆದೆ. ಚುಕ್ಕೆ ಇಟ್ಟೆ. ತೊಡೆಯ ಮೇಲೆ ಇನ್ನೇನೂ ಇರಲಿಲ್ಲ.

ಚೌಕಗಳಲ್ಲಿ ತಲೆಗಳು ಒಂದೊಂದಾಗಿ ಎದ್ದವು. ಎಲ್ಲರ ಕಣ್ಣೂ ನನ್ನ ಪೆನ್ನಿನ ತುದಿಯ ಮೇಲೆ. ಗೋಡೆಯಾಚೆ ಟೀವಿ ಪಿಸುಗುಟ್ಟುತ್ತಿತ್ತು. ಪೆನ್ನು ಎತ್ತುವಂತಿಲ್ಲವಲ್ಲ, ಅದು ತಾನಾಗಿ ಓಡಿತು: ‘ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ಚಿಲಕವನ್ನು ಇನ್ನಷ್ಟು ಬಿಗಿಯಾಗಿ ಹಾಕಿ ಒಳಗೆ ನಡೆದಳು.’

ಟೈಲರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ವಕೀಲರು ತಲೆದೂಗಿದರು. ನಾನೂ ಓದಿಕೊಂಡೆ. ವಾಕ್ಯ ಚೆನ್ನಾಗಿತ್ತು. ಯಾರೂ ಬೇಸರಪಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಇನ್ನೆರಡು ಸಾಲು ಮುಂದೆ ಹೋದರೆ ಅವಳು ಹಾಲು ಇಳಿಸುತ್ತಾಳೆ, ಲೋಟ ತೊಳೆಯುತ್ತಾಳೆ. ಮತ್ತೆ ಬಾಗಿಲ ಹತ್ತಿರ ಬರುವುದಿಲ್ಲ.

ಆ ವಾಕ್ಯದ ಮೇಲೆ ಒಂದು ಗೆರೆ ಎಳೆದೆ. ಒಂದರಿಂದ ಮನಸ್ಸಿಗೆ ಸಮಾಧಾನವಾಗದೆ, ಅಕ್ಷರ ಒಂದೂ ಕಾಣದ ಹಾಗೆ ಉಜ್ಜಿದೆ. ಹಾಳೆ ಹರಿಯಿತು. ಮೊದಲೇ ಆರಿಸಿಡದೆ ನಾನು ಹೊಡೆದು ಹಾಕಿದ್ದು ಇಷ್ಟು ದಿನಗಳಲ್ಲಿ ಅದೊಂದೇ. ಅವಳ ಕೈ ಮತ್ತೆ ಚಿಲಕದ ಮೇಲಿತ್ತು.

ಮುಂದೇನೆಂದು ನನಗೆ ಗೊತ್ತಿರಲಿಲ್ಲ. ಪೆನ್ನನ್ನು ಹಾಳೆಯಿಂದ ಎತ್ತಿ, ಎತ್ತಿಯೇ ಹಿಡಿದು ಕೂತೆ. ಚೌಕಗಳಲ್ಲಿ ಯಾರೂ ಎದ್ದು ಹೋಗಲಿಲ್ಲ, ಬರೆಯಲೂ ಇಲ್ಲ. ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬಾಕಿ ಇತ್ತು.

ಪರದೆಯ ಮೂಲೆಯಲ್ಲಿ ಪಕ್ಕದ ಕೋಣೆಯಿಂದ ಗಂಡನ ಸಂದೇಶ ಮೂಡಿತು: “ಕೈ ಆಡ್ತಾನೇ ಇಲ್ಲ. ಚಿತ್ರ ನಿಂತುಹೋಯ್ತಾ? ನೆಟ್ ನೋಡು.”

ನೆಟ್ ಸರಿಯಾಗಿಯೇ ಇತ್ತು. ಕೈಯನ್ನು ಹಾಗೆಯೇ ಹಿಡಿದಿದ್ದೆ.