ಸದ್ದು ತೆಗೆದ ಜಗಳ

ಚಿತ್ರ ಕಂಪನಿಯ ಮ್ಯಾನೇಜರ್ ಹಣ್ಣಿನ ಬುಟ್ಟಿ ಹಿಡಿದು ಮೆಟ್ಟಿಲು ಹತ್ತುವುದನ್ನು ಕಿಟಕಿಯಿಂದ ಕಂಡಾಗಲೇ ದೊಡ್ಡಮ್ಮನಿಗೆ ತಿಳಿಯಿತು, ಈ ಮನುಷ್ಯ ಒಳ್ಳೆಯ ಸುದ್ದಿ ತರುತ್ತಿಲ್ಲ ಎಂದು. ಒಳ್ಳೆಯ ಸುದ್ದಿ ಇದ್ದವರು ಕೈ ಬೀಸಿಕೊಂಡು ಬರುತ್ತಾರೆ. ಬುಟ್ಟಿ ಹೊತ್ತು ಬರುವವರ ಹತ್ತಿರ ಬುಟ್ಟಿಯ ಕೆಳಗೆ ಇನ್ನೇನೋ ಇರುತ್ತದೆ.

"ಕೂತ್ಕೊಳ್ಳಿ. ಏನು ವಿಷಯ?"

ಮ್ಯಾನೇಜರ್ ಕುರ್ಚಿಯ ಅಂಚಿನಲ್ಲಿ ಕೂತ. "ಚಿತ್ರದ ವಿಷಯ, ದೊಡ್ಡಮ್ಮ. ಸದ್ಯಕ್ಕೆ ಪಕ್ಕಕ್ಕಿಟ್ಟಿದೀವಿ."

"ಪಕ್ಕಕ್ಕೋ, ಅಟ್ಟಕ್ಕೋ?"

ಬಾಗಿಲಿಗೆ ಒರಗಿ ನಿಂತಿದ್ದ ಕತ್ತರಿ ನಗು ತಡೆಯಲಾಗದೆ ಕೆಮ್ಮಿದ. ಕತ್ತರಿ ಎಂದರೆ ದೊಡ್ಡಮ್ಮನ ಮಗನ ಗೆಳೆಯ, ಶಾಲೆಯ ಕಾಲದಿಂದ ಈ ಮನೆಯ ಅನ್ನ ತಿಂದವನು. ಚಿತ್ರದ ತುಣುಕುಗಳನ್ನು ಕತ್ತರಿಸಿ ಜೋಡಿಸುವುದು ಅವನ ಕಸುಬು. ಅಪ್ಪ ಅಮ್ಮ ಇಟ್ಟ ಹೆಸರನ್ನು ಈಗ ಅವನೇ ಮರೆತಿದ್ದರೂ ಆಶ್ಚರ್ಯವಿಲ್ಲ.

ಚಿತ್ರ ದೊಡ್ಡಮ್ಮನ ಮಗನದು. ಅವನು ಮಾಡಿದ ಮೊದಲನೆಯದು ಅದು, ಕೊನೆಯದೂ ಅದೇ ಆಯಿತು. ಮಾತು, ಸಂಗೀತ ಎಲ್ಲವನ್ನೂ ಕೂಡಿಸಿ ಮುಗಿಸಿದ ವಾರವೇ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮಗುವನ್ನು ಕಳೆದುಕೊಂಡ ಒಬ್ಬ ಬಡಗಿಯ ಕತೆ ಎಂಬುದಷ್ಟೇ ದೊಡ್ಡಮ್ಮನಿಗೆ ಗೊತ್ತಿತ್ತು. ಜಾಹೀರಾತಿನ ತುಣುಕಿನಲ್ಲಿ ಆ ಬಡಗಿ ದೇವರ ಮುಂದಿನ ದೀಪವನ್ನು ಬೆರಳಿನಿಂದ ಹೊಸಕಿ ಆರಿಸುವುದಿತ್ತು. ಅದನ್ನು ನೋಡಿ ಕೆಲವರು ಸಿಟ್ಟಾದರು. ಕಂಪನಿಯ ಗಾಜಿನ ಬಾಗಿಲಿಗೆ ಒಂದು ಕಲ್ಲು ಬಿತ್ತು. ಆಮೇಲೆ ಒಂದು ಫೋನು ಬಂತು: ಚಿತ್ರ ಹಾಕಿದರೆ ಚಿತ್ರಮಂದಿರದ ಕುರ್ಚಿಗಳು ಉರಿಯುತ್ತವೆ.

"ನಮ್ಮದು ಒಂದು ಚಿತ್ರಮಂದಿರ ಅಲ್ಲ, ಊರೂರಲ್ಲೂ ಇದೆ. ಯಾವ ಊರಿನ ಕುರ್ಚಿ ಅಂತ ಕಾಯೋದು?" ಎಂದ ಮ್ಯಾನೇಜರ್. "ನಾವು ಮಾತಿನ ಸ್ವಾತಂತ್ರ್ಯದ ಪರಾನೇ ದೊಡ್ಡಮ್ಮ. ಆದರೆ..."

"ಆ 'ಆದರೆ' ಬಂತಲ್ಲ, ಹಿಂದಿನದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು," ಎಂದರು ದೊಡ್ಡಮ್ಮ. "ಸರ್ಕಾರದವರು ನೋಡಿ ಪರವಾಗಿಲ್ಲ ಅಂದಿದ್ದರಂತಲ್ಲ?"

"ಅಂದಿದ್ದರು."

"ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಇದಕ್ಕೇ ಹೇಳೋದು."

ಮ್ಯಾನೇಜರ್ ಕೆಟ್ಟವನಲ್ಲ. ಕಿವಿಯವರೆಗೂ ಕೆಂಪಾದ. ಒಂದು ದಾರಿ ಇದೆ ಎಂದ. ಸಿಟ್ಟಾದವರನ್ನೇ ಕರೆದು ಕಂಪನಿಯ ಚಿಕ್ಕ ಹಾಲ್‌ನಲ್ಲಿ ಒಂದು ಸಲ ತೋರಿಸುವುದು. ಅವರು ತಲೆಯಾಡಿಸಿದರೆ ಬಿಡುಗಡೆ, ಇಲ್ಲವಾದರೆ ಇಲ್ಲ. ಯಾರ ಮನಸ್ಸಿಗೂ ನೋವಾಗದ ಹಾಗೆ ವಕೀಲರ ಸಲಹೆಯಂತೆ ಒಂದಿಷ್ಟು ತಿದ್ದಿದ್ದೇವೆ ಎಂದೂ ಹೇಳಿದ.

"ನನಗೆ ಹೇಳದೆ ತಿದ್ದಿದೀರಾ?" ಎಂದ ಕತ್ತರಿ.

"ನಿಮಗೆ ಹೇಳಿದ್ದರೆ ಒಪ್ತಿರಲಿಲ್ಲ."

"ನಾನೂ ಬರ್ತೀನಿ," ಎಂದರು ದೊಡ್ಡಮ್ಮ. ಅದು ಕೇಳಿದ ಧ್ವನಿಯಲ್ಲ, ತೀರ್ಮಾನಿಸಿದ ಧ್ವನಿ.

ಮ್ಯಾನೇಜರ್ ಹೋದ ಮೇಲೆ ಅವರು ಕತ್ತರಿಯನ್ನು ಹತ್ತಿರ ಕೂರಿಸಿಕೊಂಡರು. "ನಿಜ ಹೇಳು. ಅವನು ದೇವರನ್ನ ಬೈದಿದ್ದಾನಾ?"

"ಬಡಗಿ ಬೈತಾನೆ, ದೊಡ್ಡಮ್ಮ. ಹೇಗೆ ಅಂತ ನಾನು ಹೇಳಿದರೆ ಕೆಟ್ಟುಹೋಗುತ್ತೆ. ನೀವೇ ಕೇಳಿ."

ದೊಡ್ಡಮ್ಮ ಬೆಳಿಗ್ಗೆ ಸಂಜೆ ದೇವರ ಮುಂದೆ ಕೂರದೆ ನೀರು ಕುಡಿದವರಲ್ಲ. ಮಗ ಮಾತ್ರ ಮೀಸೆ ಮೂಡಿದಂದಿನಿಂದ ಆ ಕೋಣೆಗೆ ಕಾಲಿಟ್ಟವನಲ್ಲ. ತಾಯಿ ಪ್ರಾರ್ಥನೆಗೆ ಕೂತಾಗ ಹೊರಗೆ ಬೆಂಚಿನ ಮೇಲೆ ಪತ್ರಿಕೆ ಓದುತ್ತ ಕೂರುತ್ತಿದ್ದ, ಮುಗಿದ ಮೇಲೆ ಒಳಗೆ ಬರುತ್ತಿದ್ದ. ಯಾಕೋ ಹೀಗೆ ಎಂದು ಅವರು ಕೇಳಲಿಲ್ಲ, ಅವನು ಹೇಳಲಿಲ್ಲ. ಬದುಕಿದ್ದಾಗ ಅದು ದೊಡ್ಡದಾಗಿ ಕಂಡಿರಲಿಲ್ಲ. ಈಗ ಅದೊಂದೇ ದೊಡ್ಡದು. ಮಗ ದೇವರಿಗೆ ಬೆನ್ನು ತಿರುಗಿಸಿಕೊಂಡೇ ಹೋದನೆ? ಅವನ ಕೊನೆಯ ಮಾತು ಆ ಬೈಗುಳವೇ ಆದರೆ? ಚಿತ್ರ ಬರದಿದ್ದರೆ ಅವನ ಕೆಲಸ ಹೂತುಹೋಗುತ್ತದೆ, ಬಂದರೆ ಅವನ ಪಾಪ ಬಯಲಾಗುತ್ತದೆ ಎಂದು ಒಂದು ಕ್ಷಣ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೇ ಅವರು ತಮ್ಮನ್ನು ತಾವೇ ಬೈದುಕೊಂಡರು.

ಕಂಪನಿಯ ಹಾಲ್ ಮೂರನೆಯ ಮಹಡಿಯಲ್ಲಿತ್ತು. ಗೋಡೆಗೆಲ್ಲ ಬೂದುಬಣ್ಣದ ಬಟ್ಟೆ, ಕಾಲಿಟ್ಟರೆ ಸದ್ದಾಗದ ಹಾಸು. ಒಡೆದ ಗಾಜಿನ ಜಾಗದಲ್ಲಿ ಕೆಳಗೆ ಹಲಗೆ ಹೊಡೆದಿದ್ದರು. ಸಿಟ್ಟಾದವರು ಆಗಲೇ ಬಂದು ಎರಡು ಸಾಲು ತುಂಬಿಸಿದ್ದರು. ಅವರ ಮುಖಂಡ ಮರದ ವ್ಯಾಪಾರಿ. ದಪ್ಪ ಬಿಳಿ ಮೀಸೆ, ತೋಳು ಮಡಿಸಿದ ಅಂಗಿ. ಅವನ ಪಕ್ಕದಲ್ಲಿ ಉರಿಮುಖದ ಒಬ್ಬ ತರುಣ, ಕೂರದೆ ನಿಂತೇ ಇದ್ದ. ದೊಡ್ಡಮ್ಮ ಕೋಲೂರಿಕೊಂಡು ಬಂದದ್ದನ್ನು ನೋಡಿ ಬಿಳಿಮೀಸೆ ಎದ್ದು ಜಾಗ ಬಿಟ್ಟ.

"ನೀವೂ ವಿರೋಧಿಸೋಕೆ ಬಂದಿರಾ, ತಾಯಿ?"

"ಮೊದಲು ನೋಡ್ತೀನಪ್ಪ. ಆಮೇಲೆ ನೋಡೋಣ."

ದೀಪಗಳು ಆರಿದವು. ಬಡಗಿಯ ಅಂಗಡಿ, ಮರದ ಹೊಟ್ಟು, ಹೊಟ್ಟಿನಲ್ಲಿ ಆಡುವ ಪುಟ್ಟ ಹುಡುಗಿ. "ಉಳಿ ಹಿಡಿಯೋದು ಪರವಾಗಿಲ್ಲ, ಕಲ್ತಿದ್ದಾನೆ," ಎಂದು ಬಿಳಿಮೀಸೆ ತನ್ನಷ್ಟಕ್ಕೆ ಗೊಣಗಿದ. ಹಾಲ್ ಹಗುರಾಯಿತು.

ಆಮೇಲೆ ಶುರುವಾಯಿತು ವಕೀಲರ ತಿದ್ದುಪಡಿ. ದೇವರು ಎಂಬ ಮಾತು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಸದ್ದು ತೆಗೆಯಿರಿ ಎಂದಿದ್ದರು ಅವರು. ಯಾರು ಹೇಳಿದರು, ಯಾಕೆ ಹೇಳಿದರು ಎಂದು ನೋಡುವ ಗೋಜಿಗೆ ಕಂಪನಿಯವರು ಹೋಗಿರಲಿಲ್ಲ. ಎದುರಂಗಡಿಯವನು ವ್ಯಾಪಾರ ಹೇಗಿದೆ ಎಂಬುದಕ್ಕೆ "ದೇವರ ದಯೆ" ಎನ್ನಲು ಬಾಯಿ ತೆರೆದ. ಸದ್ದಿಲ್ಲ. ತುಟಿ ಮಾತ್ರ ಅಲ್ಲಾಡಿತು.

"ಏನಂದ ಅವನು?" ಎಂದಿತು ಹಿಂದಿನ ಸಾಲು.

ನೆರೆಮನೆಯ ಮುದುಕಿ ಹುಡುಗಿಯ ತಲೆ ನೇವರಿಸಿ ಒಳ್ಳೆಯದಾಗಲಿ ಎಂದು ಹರಸಿದಳು. ಆ ಹಾರೈಕೆಯಲ್ಲೂ ದೇವರಿದ್ದ, ಅದೂ ಮೂಕವಾಯಿತು.

"ಆ ಮುದುಕೀನೂ ಬೈತಾಳಾ!" ಎಂದು ಬಿಳಿಮೀಸೆ ದಂಗಾದ. "ಮಗು ತಲೆ ಮೇಲೆ ಕೈಯಿಟ್ಟುಕೊಂಡು ಬೈಯೋದೇ?"

"ಇಡೀ ಊರೇ ಬೈತಿದೆ," ಎಂದ ತರುಣ. "ನಾನು ಹೇಳಲಿಲ್ವಾ?"

ಕತ್ತರಿ ಕತ್ತಲಲ್ಲಿ ಹಣೆ ಹಣೆ ಚಚ್ಚಿಕೊಂಡ. ಮ್ಯಾನೇಜರ್ ಕರವಸ್ತ್ರದಲ್ಲಿ ಮುಖ ಒರೆಸಿಕೊಂಡ. ಬೆಂಕಿ ಆರಿಸಲು ತಂದ ನೀರು ಎಣ್ಣೆಯಾಗಿ ಕೂತಿತ್ತು.

ಹುಡುಗಿ ಕಾಯಿಲೆ ಬಿದ್ದಳು, ತೀರಿಕೊಂಡಳು. ಬಡಗಿ ದೇವರ ಮುಂದೆ ಬಂದು ಕಾಲು ಚಾಚಿ ಕೂತ. ದೀಪ ಹೊಸಕಿದ. ಅಂಗೈಯಿಂದ ನೆಲ ಬಡಿಯುತ್ತ ಮಾತಾಡತೊಡಗಿದ. ಬಡಿದದ್ದು ಕೇಳಲಿಲ್ಲ, ಮಾತೂ ಕೇಳಲಿಲ್ಲ. ಬಾಯಿ ಮಾತ್ರ ತೆರೆದು ಮುಚ್ಚಿ, ತೆರೆದು ಮುಚ್ಚಿ ಹೋಗುತ್ತಲೇ ಇತ್ತು.

ಎರಡೂ ಸಾಲು ಎದ್ದು ನಿಂತವು. "ನಿಲ್ಲಿಸ್ರೀ! ದೀಪ ಹಾಕ್ರೀ!" ಬಿಳಿಮೀಸೆ ಮ್ಯಾನೇಜರನ ಕಡೆ ತಿರುಗಿದ. "ಎಂಥಾ ಹೊಲಸು ಮಾತಾಡಿರಬೇಕು, ನಿಮಗೇ ನಾಚಿಕೆಯಾಗಿ ಮುಚ್ಚಿಟ್ಟಿದೀರಿ!"

"ಅಯ್ಯೋ, ಹಾಗೇನಿಲ್ಲ..."

"ಹಾಗೇನಿಲ್ಲದೆ ಇಷ್ಟುದ್ದ ಮುಚ್ತೀರಾ?"

ದೊಡ್ಡಮ್ಮ ಮಾತ್ರ ಕೂತಲ್ಲೇ ಇದ್ದರು. ಆ ಚಾಚಿದ ಕಾಲು, ಆ ಅಂಗೈ ಬಡಿತ. ಅವರ ಬಲಗೈ ತಾನಾಗಿಯೇ ಕುರ್ಚಿಯ ಹಿಡಿಯನ್ನು ತಟ್ಟಿತು. ಈ ಜಗಳ ಅವರಿಗೆ ಗೊತ್ತಿತ್ತು.

"ಸದ್ದು ಇರೋದು ಇದೆಯೇನೋ, ಕತ್ತರಿ?"

"ಮೇಲಿನ ಕೋಣೆಯಲ್ಲೇ ಇದೆ, ದೊಡ್ಡಮ್ಮ. ಮುಟ್ಟದೆ ಇಟ್ಟಿದೀನಿ."

"ಹಾಕು."

"ಬೇಡ ಬೇಡ!" ಎಂದ ಮ್ಯಾನೇಜರ್. "ಇದಕ್ಕೇ ಇಷ್ಟಾಯ್ತು, ಅದನ್ನ ಹಾಕಿದರೆ ಕುರ್ಚಿ ಇವತ್ತೇ ಉರಿಯುತ್ತೆ. ಅದರಲ್ಲಿ ಅವನು ನಿಜವಾಗಿ ಬೈದಿದ್ದಾನೆ!"

"ಬೈದಿದ್ದರೆ ಕೇಳೋಣ," ಎಂದರು ದೊಡ್ಡಮ್ಮ. "ಬೈಸಿಕೊಂಡವನೇ ಸುಮ್ಮನಿದ್ದಾನೆ. ನಡುವೆ ನಿಮ್ಮದೇನು ಅವಸರ?" ಬಿಳಿಮೀಸೆಯ ಕಡೆ ತಿರುಗಿದರು. "ಇದನ್ನ ಮಾಡಿದೋನು ನನ್ನ ಮಗ. ಅವನು ಈಗಿಲ್ಲ. ಏನಂದ ಅಂತ ನನಗೂ ಗೊತ್ತಾಗಬೇಕು. ಕೂತ್ಕೋಪ್ಪ."

ಬಿಳಿಮೀಸೆ ಅವರ ಮುಖವನ್ನು ನೋಡಿದ. ಆಮೇಲೆ ತನ್ನವರಿಗೆ ಕೈಸನ್ನೆ ಮಾಡಿ ಕೂತ.

ಮತ್ತೆ ಕತ್ತಲಾಯಿತು. ಈ ಸಲ ಅಂಗೈ ಬಡಿದ ಸದ್ದು ಎದೆಗೇ ಬಡಿಯಿತು.

"ನಿನಗೆ ಮಕ್ಕಳಿಲ್ಲ ದೇವರೇ," ಎಂದ ಬಡಗಿ. "ಇದ್ದಿದ್ದರೆ ಈ ಕೆಲಸ ಮಾಡ್ತಿರಲಿಲ್ಲ. ಲೋಕವೆಲ್ಲ ನಿನ್ನ ಮಕ್ಕಳಂತೆ! ಒಂದು ಮಗುವಿನ ಹಣೆಗೆ ಒದ್ದೆ ಬಟ್ಟೆ ಇಟ್ಟಿದ್ದೀಯಾ? ಒಂದು ಸಲ ಎದ್ದು ಬಂದು ಬಾಯಿಗೆ ನೀರು ಬಿಟ್ಟಿದ್ದೀಯಾ? ಕರೆದೆ, ಕರೆದೆ, ಗಂಟಲು ಹರಿಯಿತು. ಕಲ್ಲಿಗೂ ಕಿವಿ ಬರ್ತಿತ್ತು, ನಿನಗೆ ಬರಲಿಲ್ಲ. ನಾಳೆಯಿಂದ ನಿನ್ನ ದೀಪ ನೀನೇ ಹಚ್ಚಿಕೋ. ಕತ್ತಲಲ್ಲಿ ಕೂತು ನೋಡು, ಹೇಗಿರುತ್ತೆ ಅಂತ."

ಒಂದು ಅಕ್ಷರವೂ ಬಡಗಿಯದಲ್ಲ, ಮಗನದೂ ಅಲ್ಲ. ಎಷ್ಟೋ ವರ್ಷದ ಹಿಂದೆ, ಮಗನಿಗಿಂತ ಚಿಕ್ಕವಳಾದ ಮಗಳೊಬ್ಬಳು ಜ್ವರದಲ್ಲಿ ಹೋದ ದಿನದ ಸಂಜೆ, ದೊಡ್ಡಮ್ಮ ದೇವರ ಮುಂದೆ ಕಾಲು ಚಾಚಿ ಕೂತು ಆಡಿದ ಮಾತುಗಳವು. ಮೂಲೆಯಲ್ಲಿ ಕಂಬಳಿ ಹೊದ್ದ ಹುಡುಗ ನಿದ್ದೆ ಹೋಗಿದ್ದಾನೆ ಎಂದುಕೊಂಡಿದ್ದರು. ನಿದ್ದೆ ಹೋಗಿರಲಿಲ್ಲ. ಅಷ್ಟನ್ನೂ ಕೇಳಿಸಿಕೊಂಡು, ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದ.

ಹಾಲ್‌ನಲ್ಲಿ ಯಾರೋ ಮೂಗು ಸೀನಿಕೊಂಡರು.

"ಇದಕ್ಕಾ ನಾವು ಕಲ್ಲು..." ಎಂದ ಬಿಳಿಮೀಸೆ.

"ಯಾವ ಕಲ್ಲು?" ಮ್ಯಾನೇಜರ್ ಥಟ್ಟನೆ ಕೇಳಿದ.

"ಯಾವ ಕಲ್ಲೂ ಇಲ್ಲ. ಸುಮ್ನೆ ನೋಡ್ರೀ, ಮುಂದಿನದು ಬರ್ತಿದೆ."

ದೊಡ್ಡಮ್ಮನಿಗೆ ಮುಂದಿನದರದೇ ಭಯ. ಹುಡುಗ ಕಂಡದ್ದು ಆ ಸಂಜೆಯೊಂದನ್ನೇ ಆದರೆ, ತಾಯಿ ದೇವರ ಜೊತೆ ಮುರಿದ ಸಂಬಂಧವನ್ನು ತಾನೂ ಮುರಿದುಕೊಂಡು ಹೋದನೆಂದೇ ಅರ್ಥ. ಅದರ ಭಾರ ಯಾರ ತಲೆಗೆ?

ತೆರೆಯ ಮೇಲೆ ಬೆಳಗಾಯಿತು. ಬಡಗಿ ಬಾಗಿಲು ತೆರೆದ. ದೇವರ ಮುಂದೆ ಧೂಳು ಕೂತಿತ್ತು. ತೋಳಿನಿಂದ ಒರೆಸಿದ, ಬತ್ತಿ ಸರಿಮಾಡಿದ, ದೀಪ ಹಚ್ಚಿದ. ಕೈ ಮುಗಿಯಲಿಲ್ಲ. ಮುಖ ಗಂಟಿಕ್ಕಿಕೊಂಡೇ ಮೆಲ್ಲಗೆ ಹೇಳಿದ:

"ಎಣ್ಣೆ ದಂಡವಾಗಬಾರದು ಅಂತ ಹಚ್ಚಿದೀನಿ. ರಾಜಿ ಅಂದ್ಕೋಬೇಡ."

ಹೇಳಿದವನು ಎದ್ದು ಹೋಗಲಿಲ್ಲ. ಅಲ್ಲೇ ಕೂತ. ದೀಪದ ಬೆಳಕು ಅವನ ಮುಖದ ಮೇಲೆ ಬಹಳ ಹೊತ್ತು ಆಡಿತು.

ಹಾಲ್‌ನಲ್ಲಿ ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು, ಅಳುವವರೂ ನಕ್ಕರು. ದೊಡ್ಡಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಆ ಮಾತೂ ಅವರದೇ. ಆ ಸಂಜೆಯ ನಂತರ ಮತ್ತೆ ದೀಪ ಹಚ್ಚಿದ ಬೆಳಿಗ್ಗೆ ಉಸಿರಿನಷ್ಟೇ ಮೆಲ್ಲಗೆ ಆಡಿದ್ದರು. ಹುಡುಗ ಆಗ ಹೊಸಿಲ ಹೊರಗೆ ಬೆನ್ನು ಮಾಡಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಬೆನ್ನಿಗೂ ಕಿವಿಯಿತ್ತು ಆ ಹುಡುಗನಿಗೆ! ಹೊರಗಿನ ಬೆಂಚಿನ ಮೇಲೆ ಪತ್ರಿಕೆ ಹಿಡಿದು ಕೂತಾಗಲೂ ಅವನು ಓದುತ್ತಿದ್ದದ್ದು ಎಷ್ಟೋ, ಕೇಳುತ್ತಿದ್ದದ್ದು ಎಷ್ಟೋ. ಅಷ್ಟು ದಿನದಿಂದ ಅವರ ಎದೆಯ ಮೇಲೆ ಕೂತಿದ್ದ ಗುಂಡುಕಲ್ಲು ಉರುಳಿಹೋಯಿತು.

ಚಿತ್ರ ಮುಗಿದು ದೀಪ ಬಂದಾಗ ಮ್ಯಾನೇಜರ್ ಕೈ ಹೊಸೆಯುತ್ತ ನಿಂತ. "ಹಾಗಾದರೆ ಎಲ್ಲರಿಗೂ ಸಮಾಧಾನವಾಗೋ ಹಾಗೆ ಸದ್ದು ತೆಗೆದದ್ದನ್ನೇ ಬಿಡುಗಡೆ ಮಾಡೋಣ..."

"ಅದನ್ನ ಹಾಕಿದರೆ ನಾನೇ ಬಂದು ಬೆಂಕಿ ಇಡ್ತೀನಿ!" ಎಂದು ಬಿಳಿಮೀಸೆ ಗುಡುಗಿದ. "ಹರಸೋ ಮುದುಕೀನ ಬೈಯೋಳನ್ನಾಗಿ ಮಾಡಿದಿರಲ್ರೀ! ಮಾತಿಗೆ ಬಟ್ಟೆ ಮುಚ್ಚಿದರೆ ಒಳಗೇನಿದೆಯೋ ಅಂತ ಯಾರಿಗಾದರೂ ಅನ್ಸುತ್ತೆ."

ಆದರೆ ಉರಿಮುಖದ ತರುಣ ಒಪ್ಪಲಿಲ್ಲ. "ಬೈದದ್ದು ಬೈದದ್ದೇ. ಆಮೇಲೆ ದೀಪ ಹಚ್ಚಿದರೆ ಆಯ್ತಾ? ನಾನಂತೂ ಒಪ್ಪಲ್ಲ."

"ಒಪ್ಪಬೇಡಪ್ಪ," ಎಂದರು ದೊಡ್ಡಮ್ಮ. "ಹೊರಗೆ ನಿಂತು ಕೂಗು, ತಪ್ಪು ಅಂತ ಎಲ್ಲರಿಗೂ ಹೇಳು. ನಿನ್ನ ಬಾಯಿ ಯಾರೂ ಮುಚ್ಚಲ್ಲ. ಒಳಗೆ ನೋಡೋರನ್ನ ನೋಡೋಕೆ ಬಿಡು, ಅಷ್ಟೆ."

ತರುಣ ಬಾಗಿಲು ತಳ್ಳಿಕೊಂಡು ಹೋದ. ಬಿಳಿಮೀಸೆ ಹೆಗಲು ಕುಣಿಸಿದ. "ನನ್ನ ತಂಗಿ ಮಗ. ನಾನು ಮಾತಾಡ್ತೀನಿ. ಕಡ್ಡಿ ಗೀರೋಕೆ ಬಿಡಲ್ಲ. ಕೂಗೋದನ್ನ ಮಾತ್ರ ತಪ್ಪಿಸೋಕಾಗಲ್ಲ, ಅವನು ಹುಟ್ಟಿದ್ದೇ ಕೂಗ್ತಾ."

ಮ್ಯಾನೇಜರ್ ಫೋನು ಹಿಡಿದು ಪಡಸಾಲೆಗೆ ಹೋದ. ದೊಡ್ಡ ಯಜಮಾನರ ಜೊತೆ ಅವನು ಆಡಿದ್ದರಲ್ಲಿ "ಹೌದು ಸಾರ್", "ಅವರೇ ಕೇಳ್ತಿದಾರೆ ಸಾರ್", "ಇಲ್ಲ ಸಾರ್, ನಗ್ತಿದಾರೆ" ಎಂಬಷ್ಟು ಕೇಳಿಸಿತು. ತಿರುಗಿ ಬಂದಾಗ ಅವನ ಮುಖ, ಬಿಗಿಯಾದ ಚಪ್ಪಲಿ ಕಳಚಿದವನ ಮುಖದ ಹಾಗಿತ್ತು.

"ಹಾಕಿ ಅಂದರು. ಇದ್ದದ್ದು ಇದ್ದ ಹಾಗೇ."

"ಕುರ್ಚಿ?" ಎಂದು ಕತ್ತರಿ ಕೆಣಕಿದ.

"ಕುರ್ಚಿಗೆ ವಿಮೆ ಇದೆಯಂತೆ. ಈಗ ನೆನಪಾಯಿತಂತೆ."

ಕತ್ತರಿ ಹೊಟ್ಟೆ ಹಿಡಿದುಕೊಂಡು ನಕ್ಕ. ದೊಡ್ಡಮ್ಮ ಮ್ಯಾನೇಜರನ ಬೆನ್ನು ತಟ್ಟಿದರು. "ಹೆದರಿಕೆ ಎಲ್ಲರಿಗೂ ಇರುತ್ತಪ್ಪ. ಅದರ ಕೈಗೆ ಕೀಲಿ ಕೊಡಬಾರದು."

ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು ಚೆಲ್ಲಿತ್ತು. ಕತ್ತರಿ ಅವರ ಮೊಣಕೈ ಹಿಡಿದು ನಿಧಾನವಾಗಿ ನಡೆಸುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ ಕೇಳಿದ, "ಬೇಜಾರಾಯ್ತಾ, ದೊಡ್ಡಮ್ಮ? ನಿಮ್ಮ ಮಾತು ಅಂತ ಅವನು ನನಗೆ ಹೇಳಿದ್ದ. ನಿಮಗೆ ಹೇಳಬೇಡ ಅಂದಿದ್ದ."

"ಕಳ್ಳ," ಎಂದರು ದೊಡ್ಡಮ್ಮ. ಕಣ್ಣು ಒದ್ದೆಯಾಗಿತ್ತು, ಮುಖ ನಗುತ್ತಿತ್ತು. "ನಾನು ಸುಮ್ಮನೆ ಹೆದರಿದ್ದೆ ಕಣೋ. ಗುರುತಿಲ್ಲದವರ ಜೊತೆ ಯಾರು ಅಷ್ಟು ಜಗಳ ಆಡ್ತಾರೆ? ಅವನು ಅಲ್ಲೇ ಇದ್ದಾನೆ, ದೇವರ ಪಕ್ಕದಲ್ಲೇ. ಬೆಳಕು ಸರಿಯಿಲ್ಲ, ಆ ಕಡೆಯಿಂದ ಬೀಳಬೇಕಿತ್ತು ಅಂತ ಈಗಲೂ ತಲೆ ತಿಂತಿರ್ತಾನೆ."

"ದೇವರ ಗತಿ!"

"ಅನುಭವಿಸಲಿ," ಎಂದು ದೊಡ್ಡಮ್ಮ ಕೋಲನ್ನು ಬಿಗಿಯಾಗಿ ಊರಿದರು. "ಎಲ್ಲಾದರೂ ಊಟ ಸಿಗುತ್ತೇನೋ ನೋಡು. ಹಸಿವಾಗ್ತಿದೆ."

ಮಗ ಹೋದಂದಿನಿಂದ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಕತ್ತರಿ ರಸ್ತೆಯ ಎರಡೂ ಕಡೆ ನೋಡಿ, ಅವರ ಕೈ ಹಿಡಿದು ದಾಟಿಸಿದ.