ಮಠಕ್ಕೆ ನುಡಿದ ಕರಿ ಇಟ್ಟಂಗಿ

"ಬೂದಿ ಅಂದ್ರ ಬೂದಿ ಲೇ ಬಸ್ಯಾ! ಕರೀದಾದ್ರೇನು, ಬಿಳೀದಾದ್ರೇನು?"

"ನಿಮ್ಮ ತಲಿಯಾಗೂ ಅದ ತುಂಬೇತಿ ನೋಡ್ರಿ ಮಾಮಾ. ನನ್ನ ಬೂದಿ ಗುಡ್ಡಿ ಎಲ್ಲೈತಿ? ಅಷ್ಟ ಹೇಳ್ರಿ."

"ಕಣ್ಣು ಹೋಗ್ಯಾವೇನು? ಮುಂದ ಒಟ್ಟೇನಿ, ನೋಡು."

ಬಸವಲಿಂಗ ನೋಡಿದ. ತಾನು ತಾಡಪತ್ರಿ ಮುಚ್ಚಿ ಹೋಗಿದ್ದ ಆರು ಟನ್ ಬೂದಿ ಇಪ್ಪತ್ತು ದಿನಗಳಲ್ಲಿ ಮಾಯವಾಗಿತ್ತು. ಅಲ್ಲಿ ಕರ್ರಗಿನ ಇಟ್ಟಂಗಿಗಳ ಸಾಲು ನಿಂತಿತ್ತು. ತುದಿಯ ಇಟ್ಟಂಗಿಗೆ ಮೂರು ಬೆರಳು ವಿಭೂತಿ ಎಳೆದು, ಮುಂದೆ ಕಾಯಿ ಒಡೆದಿದ್ದರು. ಅವನ ಮುಖ ಸುಟ್ಟ ಬದನೆಕಾಯಿಯಂತಾದದ್ದನ್ನು ಕಂಡು ಮಡಿವಾಳೆಪ್ಪನಿಗೆ ಒಳಗೊಳಗೇ ಹಿಗ್ಗಾಯಿತು.

ನೇಸರಗಿ ರಸ್ತೆಯ ಆ ಇಟ್ಟಂಗಿ ಕಾರಖಾನೆ ಮಡಿವಾಳೆಪ್ಪನದು. ಹೆಂಡತಿ ಗಂಗಾಳ ತಮ್ಮ ಈ ಬಸವಲಿಂಗ. ಮುಚ್ಚಿದ ಕಾರಖಾನೆಯೊಂದರ ಚಿಮಣಿ ಕೆರೆದು, ಎರಡು ಚಳಿಗಾಲ ಕೆಮ್ಮಿ ಕೆಮ್ಮಿ ಈ ಬೂದಿ ಕೂಡಿಸಿ, ಮಾಮನ ಅಂಗಳದಲ್ಲಿ ಒಟ್ಟಿದ್ದ. ಎಣ್ಣೆ ಸುಟ್ಟ ಬೂದಿ. ಅದರೊಳಗೆ ಉಕ್ಕನ್ನು ಗಟ್ಟಿ ಮಾಡುವ ಲೋಹವಿದೆ, ಆಸಿಡ್‌ನಲ್ಲಿ ನೆನೆಸಿ ತೆಗೆಯುತ್ತೇನೆ ಎಂದು ಹೇಳುತ್ತಿದ್ದ. ಪುಣೆಗೆ ಹೋಗಿ ಬೂದಿಯ ತಪಾಸಣೆ ಮಾಡಿಸಿ ಈಗಷ್ಟೇ ಬಸ್ಸಿಳಿದಿದ್ದ.

"ನೂರು ಕಿಲೋದಾಗ ಮೂರು ಕಿಲೋ ವೆನೆಡಿಯಂ ಐತಿ," ಎಂದು ಕಾಗದ ಮುಂದೆ ಹಿಡಿದ. "ಆ ಚಿಮಣಿ ಕೆಡವಿದ್ರು. ಇನ್ನ ಹಿಡಿ ಬೂದೀನೂ ಸಿಗೂದಿಲ್ಲ. ಸಿಮೆಂಟಿನಾಗ ಕಲಿಸಿ ನನ್ನ ಹೊಟ್ಟಿ ಮ್ಯಾಲ ಹೊಡದ್ರಿ."

"ನಮ್ಮ ಮನ್ಯಾಗ ಮೊದಲ ರಾಶಿ ಮಠದ್ದು. ಜ್ವಾಳ ಇರಲಿ, ಕುಂಬಳಕಾಯಿ ಇರಲಿ. ನನ್ನ ಅಂಗಳಕ್ಕ ಹೊಸಾ ಬೂದಿ ಬಂತು, ದಾಸೋಹದ ಮನಿ ಗ್ವಾಡಿಗೆ ಇಟ್ಟಂಗಿ ಕೊಡತೇನಿ ಅಂತ ಮಠದ ಅಜ್ಜಾರ ಮುಂದ ನುಡದೇನಿ. ಊರ ಹಿರ್ಯಾರು ಶಾಲು ಹೊಚ್ಯಾರ!"

"ಶಾಲಿನ ಆಸೇಕ್ಕ ನನ್ನ ಬೂದಿ ಬೇಕಾತೇನ್ರಿ? ಬೆಳದಾಂವ ನಾನು, ರಾಶಿ ಮಾಡಿದಾಂವ ನೀವು!"

ಮಡಿವಾಳೆಪ್ಪನ ಪಿತ್ತ ನೆತ್ತಿಗೇರಿತು. ಮಾತು ನಿಜವಾಗಿದ್ದರಿಂದ ಇನ್ನೂ ಹೆಚ್ಚು ಏರಿತು.

ಬಸವಲಿಂಗ ಸಾಲಿನಿಂದ ಒಂದು ಇಟ್ಟಂಗಿ ತೆಗೆದ. ಎರಡೂ ಕೈಯಲ್ಲಿ ಹಿಡಿದು ಹಿಸುಕಿದ. ಮೂಲೆಗಳು ಮುರಿದು, ಬೆಲ್ಲದ ಪುಡಿಯಂತೆ ಕೆಳಗೆ ಸುರಿದವು.

"ಇದರಾಗ ಅರ್ಧಕ್ಕರ್ಧ ಮಸಿ ಐತಿ. ಗಟ್ಟಿ ಆಗೂದಿಲ್ಲ. ಊಟಕ್ಕ ಕುಂತವರ ಮ್ಯಾಲ ಬೀಳತೈತಿ ನಿಮ್ಮ ಗ್ವಾಡಿ."

ಮಡಿವಾಳೆಪ್ಪ ಮತ್ತೊಂದನ್ನು ಎತ್ತಿ ನೋಡಿದ. ಅದೂ ಅಂಗೈಯಲ್ಲೇ ಎರಡಾಯಿತು. ಮೂವತ್ತು ವರ್ಷ ಇಟ್ಟಂಗಿ ಮಾಡಿದ ಕೈ ಅದು.

ಗಂಗಾ ಬಾಗಿಲಿಂದ ಕೂಗಿದಳು: "ಏನ್ರೀ, ಕಟ್ಟಾಕ ಬಾರದ್ದು ಅವನಿಗರೆ ಕೊಡ್ರಿ! ಕುಟ್ಟಿ ಪುಡಿ ಮಾಡಿ ಏನರೆ ತಗೊಂತಾನ."

"ಒಂದಿಷ್ಟು ಬಂದೀತು," ಎಂದ ಬಸವಲಿಂಗ. ಅವನ ದನಿ ಮೆತ್ತಗಾಗಿತ್ತು. "ಸಿಮೆಂಟು ಆಸಿಡ್ ಕುಡೀತೈತಿ, ಖರೆ. ಆದ್ರೂ ನೋಡತೇನಿ. ಕೊಡ್ರಿ ಮಾಮಾ."

ಒಂದು ಹೂಂ ಸಾಕಿತ್ತು. ಆದರೆ ನುಡಿದದ್ದನ್ನು ಹಿಂದಕ್ಕೆ ತರುವುದೆಂದರೆ, ಆ ಹಿರಿಯರ ಮುಂದೆ ನಿಂತು ಇಟ್ಟಂಗಿ ಕೆಟ್ಟವು ಎನ್ನಬೇಕಿತ್ತು.

"ಶಟ್ಟೆಪ್ಪಾ!" ಎಂದು ಟ್ರ್ಯಾಕ್ಟರಿನವನನ್ನು ಕೂಗಿದ. "ಹೇರು. ಎಲ್ಲಾ ಮಠಕ್ಕ ಹೋಗಲಿ."

"ಇವು ಗ್ವಾಡಿಗೆ ಬರೂದಿಲ್ರಿ ಗೌಡ್ರ..." ಎಂದ ಶಟ್ಟೆಪ್ಪ.

"ಅಂಗಳಕ್ಕ ಹಾಸತಾರ! ನಿನಗ್ಯಾಕ ಪಂಚಾಯ್ತಿ? ಹೇರಂದ್ರ ಹೇರು!"

ಬಸವಲಿಂಗ ಪುಣೆಯ ಕಾಗದವನ್ನು ಮಡಚಿ ಕಿಸೆಗಿಟ್ಟ. ಅಕ್ಕನ ಕಡೆ ಒಮ್ಮೆ ನೋಡಿದ. "ಉಂಡಾದ್ರೂ ಹೋಗೋ ತಮ್ಮಾ," ಎಂದಳು ಗಂಗಾ. ಅವನು ಕೆಮ್ಮುತ್ತ ರಸ್ತೆಗಿಳಿದ. ಬೈಲಹೊಂಗಲದ ಬಸ್ಸಿಗೆ ಕೈ ಮಾಡಿದ.

"ಹೊಟ್ಟಿ ಹಸದ್ರ ತಾನ ಬರತಾನ," ಎಂದ ಮಡಿವಾಳೆಪ್ಪ.

ಬರಲಿಲ್ಲ. ಆ ದಿನವೂ ಇಲ್ಲ, ಮುಂದೆಂದೂ ಇಲ್ಲ.